ಒಂದು ಗಾಡಿ, ಮೂರು ಅವತಾರ: ಕೂಸಿನ ಬೆರಳಿಗೆ ಯಾರು ದಿಕ್ಕು?

ಮೊನ್ನೆ ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ದಾವಣಗೆರೆ ಬಸ್ ಸ್ಟಾಂಡಿನಲ್ಲಿ ಹರಿಹರದ ಬಸ್ಸು ಹೊರಡುವ ಹೊತ್ತು. ಎಂದಿನ ನೂಕುನುಗ್ಗಲು. ಬಾಗಿಲ ಹತ್ತಿರ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಕಂಕುಳಲ್ಲಿ ಏಳೆಂಟು ತಿಂಗಳ ಕೂಸು, ಹೆಗಲಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಹೊಸಾ ಬೇಬಿ ಗಾಡಿ. ಕಂಡಕ್ಟರ್ ಕೂಗಿದ: "ಅದನ್ನ ಮಡಚಮ್ಮ, ಹಂಗೇ ಹತ್ಸೋಕಾಗಲ್ಲ."

ಆಕೆ ಮಡಚಲು ನೋಡಿದಳು. ಗುಂಡಿ ಒತ್ತಿದಳು, ಆಗಲಿಲ್ಲ. ಕಾಲಲ್ಲಿ ಒದ್ದಳು, ಆಗಲಿಲ್ಲ. ಸಂಗತಿ ಏನಪ್ಪಾ ಅಂದ್ರೆ ಅದು ತ್ರೀ ಇನ್ ಒನ್ ಗಾಡಿ. ಮೇಲಿನ ಬುಟ್ಟಿ ಕಳಚಿದ ಹೊರತು ಕೆಳಗಿನ ಚೌಕಟ್ಟು ಮಡಚೋದಿಲ್ಲ. ಬುಟ್ಟಿ ಕಳಚೋಕೆ ಎರಡೂ ಪಕ್ಕದ ಕ್ಲಿಪ್ಪು ಒಟ್ಟಿಗೇ ಒತ್ತಬೇಕು. ಅದಕ್ಕೆ ಎರಡು ಕೈ ಬೇಕು. ಒಂದು ಕೈಯಲ್ಲಿ ಮಗು ಇದೆಯಲ್ಲ?

"ಕೊಡವ್ವಾ ಇಲ್ಲಿ ಕೂಸನ್ನ" ಅಂತ ಒಬ್ಬ ಅಜ್ಜಿ ಕಿಟಕಿಯಿಂದಲೇ ಕೈ ಚಾಚಿ ಮಗುವನ್ನು ಒಳಗೆ ಎತ್ತಿಕೊಂಡರು. ಕಾಲೇಜು ಹುಡುಗನೊಬ್ಬ ಸಹಾಯಕ್ಕೆ ಬಂದ. ಬುಟ್ಟಿ ಎಳೆದು ತೆಗೆದ, ಚೌಕಟ್ಟನ್ನು ಒತ್ತಿದ. ಗಾಡಿ ಫಟಾರನೆ ಮಡಚಿಕೊಂಡಿತು. ಹುಡುಗ "ಅಯ್ಯಪ್ಪಾ" ಅಂತ ಕೈ ಹಿಂದಕ್ಕೆಳೆದ. ಎರಡು ಪೈಪು ಕೂಡುವ ಸಂದಿಗೆ ಹೆಬ್ಬೆರಳು ಸಿಕ್ಕಿ ಚರ್ಮ ಕಿತ್ತು ಬಂದಿತ್ತು. ಕರವಸ್ತ್ರ ಸುತ್ತಿಕೊಂಡು ನಗುತ್ತಲೇ ಬಸ್ ಹತ್ತಿದ. ದೊಡ್ಡವರ ಬೆರಳು, ಉಳಿಯಿತು.

ಅಲ್ಲಿ ಇದ್ದದ್ದು ಆ ಕೂಸಿನ ಬೆರಳಾಗಿದ್ದರೆ? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಈ ವಾರದ ಅಂಕಣಕ್ಕೆ ಬೇರೆ ವಿಷಯ ಹುಡುಕಲಿಲ್ಲ.

'ಎಷ್ಟು ಇನ್ ಒನ್?'

ನೇರ ಹೋಗಿದ್ದು ಮಂಡಿಪೇಟೆ ಕಡೆಗೆ. ಮಕ್ಕಳ ಸಾಮಾನಿನ ಅಂಗಡಿಯೊಂದರ ಮಾಲೀಕರು ಪರಿಚಯದವರು. ವಿಷಯ ಹೇಳಿದೆ. ನಕ್ಕರು. "ಗಿರಾಕಿ ಕೇಳೋದು ಎರಡೇ ಮಾತು ಸಾರ್. ರೇಟ್ ಎಷ್ಟು? ಎಷ್ಟು ಇನ್ ಒನ್? ಲಾಕ್ ಹೆಂಗೈತೆ ಅಂತ ಇಷ್ಟು ವರ್ಷದಾಗೆ ಯಾರೂ ಕೇಳಿಲ್ಲ ನೋಡ್ರಿ."

ಒಂದೊಂದೇ ಇಳಿಸಿ ತೋರಿಸಿದರು. ಹಿಡಿಯನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸುವ ಗಾಡಿ. ಹಾಗೆ ತಿರುಗಿಸಿದರೆ ಮಗು ಅಮ್ಮನ ಮುಖ ನೋಡುತ್ತೆ, ಹೀಗೆ ತಿರುಗಿಸಿದರೆ ಬೀದಿ ನೋಡುತ್ತೆ. ಚಕ್ರ ಮೇಲೆತ್ತಿ ಬಾಗಿದ ಕಂಬಿ ಕೆಳಗೆ ಬಿಟ್ಟರೆ ತೂಗುವ ತೊಟ್ಟಿಲಾಗುವ ಗಾಡಿ. ಸೀಟು ಕಳಚಿ ಬುಟ್ಟಿ ಕೂರಿಸುವ ಗಾಡಿ. ಹಿಂದೆ ಉದ್ದನೆ ಹಿಡಿ ಸಿಕ್ಕಿಸಿದರೆ ತಳ್ಳುವ ಗಾಡಿ, ಹಿಡಿ ತೆಗೆದರೆ ಮಗು ತಾನೇ ತುಳಿಯುವ ಮೂರು ಚಕ್ರದ ಸೈಕಲ್ಲು. ಇವಕ್ಕೆಲ್ಲ ಜೋಡಣೆಯ ಸಾಮಾನು ಬೇರೆ: ಕೊಡೆ, ಸೊಳ್ಳೆಪರದೆ, ಹಾಲಿನ ಬಾಟಲಿ ಇಡುವ ಗೂಡು, ಚೀಲ ನೇತುಹಾಕುವ ಕೊಕ್ಕೆ.

"ಇದನ್ನ ಹೆಂಗೆ ಜೋಡಿಸಬೇಕು ಅಂತ ಕಾಗದ ಇರುತ್ತಲ್ಲ?" ಅಂದೆ.

"ಇರುತ್ತೆ ಸಾರ್. ಇಂಗ್ಲಿಷ್‌ನಾಗೆ. ಡಬ್ಬದಾಗೇ ಉಳಿಯುತ್ತೆ. ಡಬ್ಬ ರದ್ದಿಗೆ ಹೋಗುತ್ತೆ."

ಇಷ್ಟೇ ಕಥೆ. ಗಾಡಿ ಮನೆಗೆ, ಬುದ್ಧಿ ರದ್ದಿಗೆ.

ಮೇಕೆ ಎಳೆದ ಗಾಡಿಯಿಂದ ಇಲ್ಲಿಯವರೆಗೆ

ಈ ಅವತಾರದ ಹುಚ್ಚು ಇವತ್ತಿನದಲ್ಲ. ಇಂಗ್ಲೆಂಡಿನಲ್ಲಿ 1733ರಲ್ಲಿ ವಿಲಿಯಂ ಕೆಂಟ್ ಎಂಬ ಶಿಲ್ಪಿ ಡೆವನ್‌ಶೈರ್‌ನ ಡ್ಯೂಕನ ಮಕ್ಕಳಿಗೆ ಚಿಪ್ಪಿನಾಕಾರದ ಗಾಡಿಯೊಂದನ್ನು ಮಾಡಿಕೊಟ್ಟ. ತಳ್ಳುವುದಲ್ಲ, ಮೇಕೆಯೋ ಪುಟ್ಟ ಕುದುರೆಯೋ ಎಳೆಯುವಂಥದ್ದು. ದೊರೆಮಕ್ಕಳ ಆಟಿಕೆ. ಅಮ್ಮಂದಿರು ಹಿಂದೆ ನಿಂತು ತಳ್ಳುವ ಗಾಡಿ ಬಂದದ್ದು ಮುಂದಿನ ಶತಮಾನದಲ್ಲಿ.

ಒಂದೇ ಗಾಡಿಯನ್ನು ಎರಡು ಥರ ಬಳಸುವ ಜೋಡಣೆಗೆ ದೊಡ್ಡ ಹೆಸರು ಮಾಡಿದವರು ಅಮೆರಿಕದ ಬಾಲ್ಟಿಮೋರ್ ಊರಿನ ವಿಲಿಯಂ ರಿಚರ್ಡ್‌ಸನ್. ಕಪ್ಪು ಜನಾಂಗದವರು. 1889ರ ಜೂನ್ 18ರಂದು ಅವರಿಗೆ ಪೇಟೆಂಟ್ ಸಿಕ್ಕಿತು. ಬುಟ್ಟಿಯ ಕೆಳಗೆ ಒಂದು ವಿಶೇಷ ಕೀಲು. ಬುಟ್ಟಿಯನ್ನು ತಿರುಗಿಸಿ ಕೂರಿಸಿದರೆ ಮಗು ತಾಯಿ ಕಡೆ ಮುಖ ಮಾಡುತ್ತೆ. ಚಕ್ರಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ತಿರುಗುವಂತೆ ಮಾಡಿದ್ದರಿಂದ ಗಾಡಿ ಇಕ್ಕಟ್ಟಿನಲ್ಲೂ ಹೊರಳುತ್ತಿತ್ತು. ಇವತ್ತು ಮಂಡಿಪೇಟೆಯಲ್ಲಿ ಹಿಡಿ ತಿರುಗಿಸಿ ತೋರಿಸುವುದು ಅದೇ ಆಸೆಯ ಮೊಮ್ಮಗ.

ಆಮೇಲೆ ಬಂದವರು ಓವನ್ ಮೆಕ್ಲಾರನ್. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಇಳಿಗಾಲುಗಳ ವಿನ್ಯಾಸದಲ್ಲಿ ಕೆಲಸ ಮಾಡಿದ್ದ ಇಂಗ್ಲಿಷ್ ಎಂಜಿನಿಯರ್. ಮಗಳು ತನ್ನ ಕೂಸನ್ನು ಭಾರದ ಗಾಡಿಯಲ್ಲಿ ಹಾಕಿಕೊಂಡು ಒದ್ದಾಡುವುದನ್ನು ನೋಡಿದ ಅಜ್ಜ ಸುಮ್ಮನೆ ಕೂರಲಿಲ್ಲ. ವಿಮಾನದ ಕಾಲು ಮಡಚುವುದು ಗೊತ್ತಿದ್ದವನಿಗೆ ಗಾಡಿಯ ಕಾಲು ಯಾವ ಲೆಕ್ಕ? ಅಲ್ಯೂಮಿನಿಯಂ ಕೊಳವೆಯಲ್ಲಿ ಕೊಡೆಯ ಹಾಗೆ ಮಡಚುವ ಗಾಡಿ ಮಾಡಿದರು. 1965ರಲ್ಲಿ ಪೇಟೆಂಟ್ ಅರ್ಜಿ, 1967ರಲ್ಲಿ ಮಾರಾಟ. ತೂಕ ಮೂರು ಕೆ.ಜಿ.ಗಿಂತ ಕಡಿಮೆ. ಬಸ್ಸು, ರೈಲು ಹತ್ತುವ ತಾಯಂದಿರಿಗೆ ಮೊದಲ ಬಾರಿಗೆ ಒಂದು ಉಪಾಯ ಸಿಕ್ಕಿತು.

ನಮ್ಮ ಕಸುಬಿನವನೂ ಒಬ್ಬ ಇದ್ದಾನೆ. ಅಮೆರಿಕದ ಯಾಕಿಮಾ ಊರಿನ ಪತ್ರಕರ್ತ ಫಿಲ್ ಬೇಚ್ಲರ್. ಓಡುವ ಅಭ್ಯಾಸ ಇತ್ತು, ಮನೆಯಲ್ಲಿ ಕೂಸೂ ಇತ್ತು. 1984ರಲ್ಲಿ ಮಗುವಿನ ಗಾಡಿಗೆ ಸೈಕಲ್ ಚಕ್ರ ಹಾಕಿ ಅದನ್ನು ತಳ್ಳುತ್ತಾ ಓಡಿದ. ಅದೇ ಮುಂದೆ ದೊಡ್ಡ ವ್ಯಾಪಾರ ಆಯ್ತು. ಈಗ ವಿದೇಶದಲ್ಲಿ ಚಾರಿಯಟ್ ಅನ್ನೋ ಗಾಡಿ ಇದೆ. ಮುಂದೆ ಒಂದು ದಂಡ ಸಿಕ್ಕಿಸಿದರೆ ಸೈಕಲ್ಲಿನ ಹಿಂದೆ ಎಳೆಯಬಹುದು, ಸಣ್ಣ ಚಕ್ರ ಹಾಕಿದರೆ ಪೇಟೆ ಸುತ್ತಬಹುದು, ದೊಡ್ಡ ಚಕ್ರ ಹಾಕಿದರೆ ಓಡಬಹುದು, ಚಕ್ರ ತೆಗೆದು ಹಲಗೆ ಹಾಕಿದರೆ ಹಿಮದ ಮೇಲೆ ಜಾರಬಹುದು. ನಮ್ಮಲ್ಲಿ ಹಿಮ ಎಲ್ಲಿಂದ ತರೋಣ? ನಮ್ಮಲ್ಲಿ ಇರೋದು ಗುಂಡಿ.

ಸಂದಿಗೊಂದಿಯ ಲೆಕ್ಕ

ಈಗ ಮುಖ್ಯ ಮಾತಿಗೆ ಬರೋಣ. ಗಾಡಿ ಒಂದು ಅವತಾರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎಲ್ಲೋ ಒಂದು ಕಡೆ ಕಳಚಬೇಕು, ಎಲ್ಲೋ ತಿರುಗಬೇಕು, ಎಲ್ಲೋ ಮಡಚಬೇಕು. ಅಂದ್ರೆ ಅವತಾರ ಹೆಚ್ಚಿದಷ್ಟೂ ಕೀಲು ಹೆಚ್ಚು. ಕೀಲು ಹೆಚ್ಚಿದಷ್ಟೂ ಬೆರಳು ಸಿಕ್ಕುವ ಸಂದಿ ಹೆಚ್ಚು, ಸಡಿಲಾಗುವ ಬೀಗ ಹೆಚ್ಚು.

ಇದು ಅಗ್ಗದ ಮಾಲಿನ ದೂರು ಅಂದುಕೊಳ್ಳಬೇಡಿ. ಮೇಲೆ ಹೇಳಿದ ಮೆಕ್ಲಾರನ್ ಹೆಸರಿನ ಕಂಪನಿಯೇ 2009ರ ನವೆಂಬರಿನಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳನ್ನು ಸರಿಪಡಿಸಲು ವಾಪಸ್ ಪ್ರಕಟಣೆ ಹೊರಡಿಸಬೇಕಾಯಿತು. ಗಾಡಿ ಬಿಚ್ಚುವಾಗ ಪಕ್ಕದ ಕೀಲಿನ ಸಂದಿಗೆ ಮಕ್ಕಳ ಬೆರಳು ಸಿಕ್ಕಿ ತುದಿ ತುಂಡಾದ 12 ಪ್ರಕರಣಗಳು ಅಲ್ಲಿ ವರದಿಯಾಗಿದ್ದವು. ಪರಿಹಾರ ಏನು ಗೊತ್ತೇ? ಕೀಲಿನ ಮೇಲೆ ಹಾಕುವ ಬಟ್ಟೆಯ ಮುಚ್ಚಳ. ಅಷ್ಟು ಸಣ್ಣ ವಸ್ತು ಮೊದಲೇ ಇದ್ದಿದ್ದರೆ ಹನ್ನೆರಡು ಮಕ್ಕಳ ಬೆರಳು ಉಳಿಯುತ್ತಿತ್ತು.

ಮರುವರ್ಷ, 2010ರ ಅಕ್ಟೋಬರಿನಲ್ಲಿ, ಗ್ರ್ಯಾಕೊ ಎಂಬ ಇನ್ನೊಂದು ಕಂಪನಿ ಸುಮಾರು 20 ಲಕ್ಷ ಹಳೆಯ ಗಾಡಿಗಳನ್ನು ವಾಪಸ್ ಕರೆಯಿತು. ಪಟ್ಟಿ ಕಟ್ಟದೆ ಮಲಗಿಸಿದ ಹಸುಗೂಸುಗಳು ಕೆಳಕ್ಕೆ ಜಾರಿ, ಮುಂದಿನ ತಟ್ಟೆಗೂ ಸೀಟಿಗೂ ನಡುವಿನ ಸಂದಿಯಲ್ಲಿ ಸಿಕ್ಕಿಬಿದ್ದು ನಾಲ್ಕು ಸಾವು ಸಂಭವಿಸಿದ್ದವು. ನಾಲ್ಕು ಕೂಸುಗಳು. ತಟ್ಟೆ ಇರಲಿ, ಬುಟ್ಟಿ ಇರಲಿ, ಜೋಡಿಸಿದ ಯಾವುದೇ ವಸ್ತುವಿಗೂ ಸೀಟಿಗೂ ಮಧ್ಯೆ ಮಗು ಜಾರುವಷ್ಟು ಜಾಗ ಇದೆಯಾ ಅಂತ ನೋಡಲೇಬೇಕು. ಪಟ್ಟಿ ಕಟ್ಟಲೇಬೇಕು. "ಈ ಸಂದಿಯಲ್ಲಿ ಅದೇನು ಜಾರುತ್ತೆ ಬಿಡಿ" ಅನ್ನೋ ಮಾತು ಬೇಡ.

ಬ್ರೇಕ್ ವಿಷಯ ಕೇಳಿ. 2009ರಲ್ಲೇ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ರೈಲು ನಿಲ್ದಾಣವೊಂದರಲ್ಲಿ ತಾಯಿ ಒಂದು ಕ್ಷಣ ಕೈ ಬಿಟ್ಟಳು. ಇಳಿಜಾರಿದ್ದ ಪ್ಲಾಟ್‌ಫಾರಂ ಮೇಲೆ ಗಾಡಿ ತಾನಾಗೇ ಉರುಳಿ ಹಳಿಯ ಮೇಲೆ ಬಿತ್ತು, ರೈಲು ಬಂದೇ ಬಿಟ್ಟಿತು. ದೇವರ ದಯೆ, ಆರು ತಿಂಗಳ ಆ ಮಗು ತಲೆಗೆ ಸಣ್ಣ ಪೆಟ್ಟಿನೊಂದಿಗೆ ಉಳಿಯಿತು. ಜಗತ್ತೆಲ್ಲ ಆ ಕ್ಯಾಮೆರಾ ಚಿತ್ರ ನೋಡಿ ಉಸಿರು ಹಿಡಿಯಿತು. ಎಲ್ಲ ಮಕ್ಕಳಿಗೂ ಅಂಥ ಅದೃಷ್ಟ ಇರೋದಿಲ್ಲ.

ಹಿಡಿ ತಿರುಗಿಸುವ ಗಾಡಿಯವರು ಒಂದು ಸಂಗತಿ ಗಮನಿಸಬೇಕು. ಸಾಮಾನ್ಯವಾಗಿ ಮುಂದಿನ ಚಕ್ರ ಸುತ್ತ ತಿರುಗುತ್ತೆ, ಹಿಂದಿನದು ನೇರ ನಿಲ್ಲುತ್ತೆ. ಬ್ರೇಕ್ ಇರೋದು ಹಿಂದಿನ ಚಕ್ರಕ್ಕೆ, ಅಂದ್ರೆ ನಿಮ್ಮ ಕಾಲ ಹತ್ತಿರ. ಹಿಡಿಯನ್ನು ಈ ಕಡೆ ತಿರುಗಿಸಿದ ಕೂಡಲೇ ಎಲ್ಲ ತಲೆಕೆಳಗು. ಹೊರಳುವ ಚಕ್ರ ನಿಮ್ಮ ಕಾಲಬುಡಕ್ಕೆ ಬಂತು, ಬ್ರೇಕ್ ಆ ತುದಿಗೆ ಹೋಯ್ತು. ಬಸ್ ಸ್ಟಾಂಡಿನ ಇಳಿಜಾರಿನಲ್ಲಿ ಗಾಡಿ ಉರುಳಿದರೆ ಕಾಲಿಗೆ ಬ್ರೇಕೇ ಸಿಗಲ್ಲ. ಆದ್ದರಿಂದ ಮಗು ನಿಮ್ಮ ಮುಖ ನೋಡಲಿ, ಬೇಡ ಅನ್ನಲ್ಲ. ಆದರೆ ಹೊರಳುವ ಚಕ್ರಕ್ಕೆ ಬೀಗ ಇದ್ದರೆ ಹಾಕಿ. ನಿಂತಾಗ ಆ ಕಡೆಗೆ ಹೋಗಿ ಬ್ರೇಕ್ ಒತ್ತಿ, ಆಮೇಲೆ ಚಿಲ್ಲರೆ ಎಣಿಸಿ.

ಇನ್ನು ಚೀಲದ ಕೊಕ್ಕೆ. ಈ ಎಲ್ಲ ಜೋಡಣೆಯಲ್ಲಿ ಅಗ್ಗದ್ದು ಇದೇ, ನಮ್ಮವರು ಹೆಚ್ಚು ಬಳಸೋದೂ ಇದೇ. ಮಾರ್ಕೆಟಿನಿಂದ ಬರುವಾಗ ಎರಡು ಕೆ.ಜಿ. ಟೊಮೇಟೊ, ಒಂದು ಕುಂಬಳಕಾಯಿ, ಸೊಪ್ಪು ಎಲ್ಲ ಹಿಡಿಗೆ ನೇತು ಹಾಕ್ತಾರೆ. ಮಗು ಕೂತಿರುವಷ್ಟು ಹೊತ್ತು ಸರಿ. ಮಗುವನ್ನು ಎತ್ತಿಕೊಂಡ ಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತೆ. ಹಗುರವಾದ ಕೂಸಾದರೆ ಅದು ಕೂತಿದ್ದಾಗಲೇ ಮಗುಚಿ ತಲೆಗೆ ಪೆಟ್ಟು ಬೀಳುತ್ತೆ. ಕುಂಬಳಕಾಯಿ ಗಾಡಿಯ ಕೆಳಗಿನ ಬುಟ್ಟಿಗೆ ಹೋಗಲಿ, ಚಕ್ರಗಳ ನಡುವೆ. ಹಿಡಿಗೆ ಬೇಡ.

ಮೂರು ಚಕ್ರದ ಸೈಕಲ್ಲಿಗೆ ಉದ್ದ ಹಿಡಿ ಸಿಕ್ಕಿಸಿ ತಳ್ಳುವವರೂ ನೋಡಿಕೊಳ್ಳಿ. ಚಕ್ರ ಉರುಳಿದಂತೆ ಪೆಡಲ್ಲೂ ಗಿರ್ರನೆ ತಿರುಗುತ್ತೆ. ಪೆಡಲ್ ಬಿಡಿಸುವ ಗುಂಡಿ ಇದ್ದರೆ ಮೊದಲು ಅದನ್ನು ಒತ್ತಿ, ಮಗುವಿನ ಕಾಲನ್ನು ಕಾಲ್ಮಣೆ ಮೇಲೆ ಇಡಿ. ಇಲ್ಲದಿದ್ದರೆ ಪೆಡಲ್ ಪುಟ್ಟ ಕಣಕಾಲಿಗೆ ಬಡಿಯುತ್ತಲೇ ಇರುತ್ತೆ.

ಕೆಲವು ಗಾಡಿ ವಾಕರ್ ಕೂಡ ಆಗುತ್ತೆ ಅಂತ ಮಾರ್ತಾರೆ. ಒಂದೇ ಮಾತು ಹೇಳ್ತೀನಿ: ಕೆನಡಾ ದೇಶ 2004ರಲ್ಲೇ ಮಕ್ಕಳ ವಾಕರ್ ಮಾರಾಟವನ್ನೇ ನಿಷೇಧಿಸಿತು. ಮೆಟ್ಟಿಲಿನಿಂದ ಉರುಳುವ ಮಕ್ಕಳ ಸಂಖ್ಯೆ ನೋಡಿ ಬೇಸತ್ತು. ನಮ್ಮಲ್ಲಿ ಅದನ್ನು ಹುಟ್ಟಿದ ಹಬ್ಬಕ್ಕೆ ಉಡುಗೊರೆ ಕೊಡ್ತೀವಿ.

ಹಸುಗೂಸಿಗೆ ಬುಟ್ಟಿ, ಕಾರಿಗೆ ಸೀಟು

ಹುಟ್ಟಿದ ಕೂಸಿನ ಕತ್ತು ನಿಲ್ಲೋದಿಲ್ಲ, ಇದು ನಮ್ಮ ಅಜ್ಜಿಯರಿಗೇ ಗೊತ್ತು. ಕುಳ್ಳಿರಿಸಿದರೆ ಗದ್ದ ಎದೆಗೆ ಬಾಗುತ್ತೆ, ಉಸಿರುದಾರಿ ಕಿರಿದಾಗುತ್ತೆ. ಆದ್ದರಿಂದ ಸುಮಾರು ಆರು ತಿಂಗಳವರೆಗೆ, ತಲೆ ತಾನೇ ಹಿಡಿಯುವ ತನಕ, ಚಪ್ಪಟೆ ಮಲಗುವ ಬುಟ್ಟಿಯೇ ಬೇಕು. ಒರಗು ಎಷ್ಟು ಇಳಿಯುತ್ತೆ ಅಂತ ಅಂಗಡಿಯಲ್ಲೇ ಇಳಿಸಿ ನೋಡಿ. ಪೂರ್ತಿ ಚಪ್ಪಟೆ ಆಗದಿದ್ದರೆ ಅದು ನಿಮ್ಮ ಹಸುಗೂಸಿನ ಗಾಡಿ ಅಲ್ಲ, ಇನ್ನಾರು ತಿಂಗಳು ಬಿಟ್ಟು ಬನ್ನಿ.

ಇನ್ನೊಂದು ಭ್ರಮೆ: ಗಾಡಿಯಿಂದ ಕಳಚಿದ ಬುಟ್ಟಿಯನ್ನು ಕಾರಿನಲ್ಲಿಟ್ಟರೆ ಅದೇ ಕಾರ್ ಸೀಟು. ಅಲ್ಲ. ಕಾರಿನ ಸೀಟು ಅಂತ ಪರೀಕ್ಷೆ ಆಗಿ, ಅದರ ಗುರುತಿನ ಚೀಟಿ ಅಂಟಿರುವ ಸೀಟು ಬೇರೆ. ಕಾರಿನ ಬೆಲ್ಟಿಗೆ ಬಿಗಿಯುವ ದಾರಿ ಅದಕ್ಕೇ ಇರುತ್ತೆ. ಬರೀ ಬುಟ್ಟಿ ಬ್ರೇಕ್ ಹಾಕಿದಾಗ ಮಗು ಸಮೇತ ಹಾರುತ್ತೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಕಾರಿನಲ್ಲಿ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ. ಸರಿಯಾದ ಕಾರ್ ಸೀಟೇ ಗಾಡಿಗೆ ಕೂರುವಂಥದ್ದಾದರೂ ಅದರಲ್ಲೇ ಗಂಟೆಗಟ್ಟಲೆ ಮಲಗಿಸಬೇಡಿ. ಊರು ಮುಟ್ಟಿದ ಮೇಲೆ ಎತ್ತಿ ಚಪ್ಪಟೆ ಹಾಸಿಗೆಗೆ ಹಾಕಿ.

ಕಾರಿಲ್ಲ, ಬೈಕು ಅಂತೀರಾ? ಅದಕ್ಕೂ ನಿಯಮ ಬಂದಿದೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿ ಒಂದು ವರ್ಷದ ನಂತರ ಜಾರಿಗೆ ಅಂತ ಹೇಳಿದ ನಿಯಮದಂತೆ ನಾಲ್ಕು ವರ್ಷದೊಳಗಿನ ಮಗುವನ್ನು ಸವಾರನಿಗೆ ಪಟ್ಟಿಯಿಂದ ಕಟ್ಟಿಕೊಳ್ಳಬೇಕು, ಒಂಬತ್ತು ತಿಂಗಳು ತುಂಬಿದ್ದರೆ ಹೆಲ್ಮೆಟ್ ಹಾಕಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು. ಪಿ.ಬಿ. ರಸ್ತೆಯಲ್ಲಿ ಒಂದು ಸಂಜೆ ನಿಂತು ನೋಡಿ, ಎಷ್ಟು ಜನ ಪಾಲಿಸ್ತಾರೆ ನಿಮಗೇ ಗೊತ್ತಾಗುತ್ತೆ.

ಸೀರೆಯೇ ವಾಸಿ ಅಂತೀರಾ?

ಇದನ್ನೆಲ್ಲ ಓದಿ ನಮ್ಮ ಹಿರಿಯರೊಬ್ಬರು ಹೇಳೋದು ಖಂಡಿತ: "ಈ ರಗಳೆ ಎಲ್ಲ ಯಾಕಪ್ಪ? ಒಂದು ಹಳೇ ಸೀರೆ ಸಾಕು. ತೊಲೆಗೆ ಕಟ್ಟಿದರೆ ಜೋಲಿ, ಬೆನ್ನಿಗೆ ಕಟ್ಟಿದರೆ ಗಾಡಿ, ಹೊದಿಸಿದರೆ ಕಂಬಳಿ." ಮಾತಿನಲ್ಲಿ ತೂಕ ಇದೆ. ಸೀರೆಗೆ ಕೀಲಿಲ್ಲ, ಕ್ಲಿಪ್ಪಿಲ್ಲ. ಬಸ್ಸಿಗೆ ಹತ್ತೋಕೆ ಮಡಚಬೇಕಿಲ್ಲ.

ಆದರೆ ಬೆನ್ನು ನೋವಿನ ತಾಯಿ, ಸಿಸೇರಿಯನ್ ಆದ ತಾಯಿ, ಅವಳಿ ಮಕ್ಕಳ ತಾಯಿ, ಸೊಸೆ ಕೆಲಸಕ್ಕೆ ಹೋದಾಗ ಮೊಮ್ಮಗನನ್ನು ನೋಡಿಕೊಳ್ಳುವ ಅರವತ್ತೈದರ ಅತ್ತೆ, ಇವರಿಗೆಲ್ಲ ಗಾಡಿ ಶೋಕಿ ಅಲ್ಲ, ಊರುಗೋಲು. ಗಾಡಿ ಬೇಡ ಅನ್ನೋದು ತಪ್ಪು. ಗಾಡಿ ಯಾವ ಕೆಲಸಕ್ಕೆ ಅಂತ ಮೊದಲು ತೀರ್ಮಾನಿಸಿ ಕೊಳ್ಳಬೇಕು. ದಿನಾ ಬಸ್ ಹತ್ತುವವಳಿಗೆ ತ್ರೀ ಇನ್ ಒನ್ ಬೇಡ. ಕೊಡೆಯಂತೆ ಒಂದೇ ಬಾರಿಗೆ ಮಡಚುವ ಹಗುರ ಗಾಡಿ ಸಾಕು. ಮನೆ ಅಂಗಳದಲ್ಲೇ ಓಡಾಡಿಸುವವರಿಗೆ ತೊಟ್ಟಿಲಾಗುವ ಗಾಡಿ ಸರಿ.

ಅಂಗಡಿಯವರಿಗೆ ನನ್ನದೊಂದು ಬೇಡಿಕೆ. ಡಬ್ಬ ಕಟ್ಟಿಕೊಡುವ ಮೊದಲು ಐದೇ ನಿಮಿಷ. ಗಿರಾಕಿ ಕೈಯಲ್ಲೇ ಗಾಡಿಯನ್ನು ಬಿಚ್ಚಿಸಿ, ಮಡಚಿಸಿ. ಬುಟ್ಟಿ ಕೂರಿಸಿದಾಗ ಎರಡೂ ಪಕ್ಕ "ಟಕ್" ಅನ್ನಬೇಕು, ಆಮೇಲೆ ಒಮ್ಮೆ ಮೇಲಕ್ಕೆ ಎಳೆದು ನೋಡಬೇಕು ಅಂತ ಹೇಳಿ. ಬೆರಳು ಸಿಕ್ಕುವ ಸಂದಿ ಎಲ್ಲಿದೆ ಅಂತ ತೋರಿಸಿ. ಬಿಚ್ಚುವಾಗಲೂ ಮಡಚುವಾಗಲೂ ಮಗು ಎರಡು ಮಾರು ದೂರ ಇರಬೇಕು ಅಂತ ಹೇಳಿ. ಬ್ರೇಕ್ ಒತ್ತಿ ತಳ್ಳಿ ತೋರಿಸಿ. ಕಾಗದದಲ್ಲಿರುವ ನಾಲ್ಕು ಮುಖ್ಯ ಮಾತನ್ನು ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿ ಬಿಲ್ಲಿನ ಜೊತೆ ಕೊಟ್ಟರೆ ನಿಮಗೆ ಖರ್ಚು ಒಂದೆರಡು ರೂಪಾಯಿ.

ಮಂಡಿಪೇಟೆಯ ನಮ್ಮ ಪರಿಚಯದವರಿಗೆ ಇದನ್ನೇ ಹೇಳಿದೆ. ತಲೆ ಕೆರೆದುಕೊಂಡರು. "ನೀವೇ ಬರ್ಕೊಡ್ರಿ ಸಾರ್, ನಾನು ಜೆರಾಕ್ಸ್ ಮಾಡಿಸ್ತೀನಿ" ಅಂದರು. ಅಲ್ಲೇ ಕೂತು ಬಿಲ್ಲಿನ ಹಿಂಬದಿಗೆ ಬರೆದುಕೊಟ್ಟು ಬಂದಿದ್ದೀನಿ. ಮುಂದಿನ ವಾರ ಹೋಗಿ ನೋಡ್ತೀನಿ, ಕೊಡ್ತಿದಾರೋ ಇಲ್ವೋ.

ಬಸ್ಸಿನವರಿಗೂ ಒಂದು ಮಾತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಬಸ್ಸಿನಲ್ಲಿ ಹೆಚ್ಚು ಓಡಾಡ್ತಿದಾರೆ, ಕೂಸುಗಳೂ ಜೊತೆಗೆ ಬರ್ತವೆ. ಗಾಡಿ ಮಡಚುವಷ್ಟು ಹೊತ್ತು ಬಸ್ ನಿಲ್ಲಿಸಿದರೆ ಡೀಸೆಲ್ ಏನೂ ಮುಗಿದುಹೋಗಲ್ಲ. ಅವಸರದಲ್ಲೇ ಬೆರಳು ಸಿಕ್ಕೋದು.

ಆ ಹೆಣ್ಣುಮಗಳ ಕಥೆ ಏನಾಯ್ತು ಅಂತ ಕೇಳ್ತೀರಿ. ಅದೇ ಬಸ್ಸಿನಲ್ಲಿ ನಾನೂ ಇದ್ದೆ. ಸೀಟು ಸಿಕ್ಕಿತು, ಅಜ್ಜಿ ಮಗುವನ್ನು ಕೊಡಲು ಒಪ್ಪದೆ ತೊಡೆ ಮೇಲೇ ಇಟ್ಟುಕೊಂಡಿದ್ದರು. ಗಾಡಿ ಒಂದು ಕಡೆ, ಬುಟ್ಟಿ ಇನ್ನೊಂದು ಕಡೆ. "ಯಾಕಮ್ಮ ಇಷ್ಟು ದೊಡ್ಡದು ತಗೊಂಡ್ರಿ?" ಅಂತ ಕೇಳಿದೆ.

"ನಮ್ಮಣ್ಣ ಕೊಡಿಸಿದ್ದು ಸಾರ್. ಮೂರು ಥರ ಆಗುತ್ತೆ ಅಂತ" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಅವಳೇ ಹೇಳಿದಳು: "ಮೂರು ಥರ ಆಗುತ್ತೆ ನಿಜ. ಆದ್ರೆ ನಂಗಿರೋದು ಎರಡೇ ಕೈ."